ಮದುಮಕ್ಕಳ ಜಾತ್ರೆ ಮತ್ತು ಬೆಳ್ಳಿಯ ಹಿಡಿತ: ಒಂದು ಪೆರ್ಡೂರು ಸಿದ್ಧಾಂತ

ಎಣ್ಣೆಯ ಅಣುಗಳನ್ನು ದ್ವಿಬಂಧಗಳ ಲೆಕ್ಕದಲ್ಲಿ ಬೇರ್ಪಡಿಸಲು ಬೆಳ್ಳಿ ಒದಗುತ್ತದೆಂದು ಎಲ್. ಜೆ. ಮಾರಿಸ್ ಮೊದಲಾದವರು 1962ರಲ್ಲಿ ತೋರಿಸಿಕೊಟ್ಟರು. ಬೆಳ್ಳಿ ಕಂಡಲ್ಲಿ ಜೋಡಿ ನಿಲ್ಲುತ್ತದೆ ಎಂಬ ಈ ತತ್ವ ಪೆರ್ಡೂರಿಗೇನೂ ಹೊಸದಲ್ಲ. ಇಲ್ಲಿನ ಅನಂತಪದ್ಮನಾಭನ ಸನ್ನಿಧಿಯಲ್ಲಿ ಸಿಂಹ ಸಂಕ್ರಮಣದಂದು ಮದುಮಕ್ಕಳ ಜಾತ್ರೆ. ಹೊಸ ಜೋಡಿಗಳು ಬಾಳೆಹಣ್ಣು ಹಿಡಿದು ಸಾಲುಗಟ್ಟುವ ದಿನ. ಇಂಥ ಪ್ರಯೋಗಶಾಲೆ ಮಣಿಪಾಲದಲ್ಲೂ ಸಿಗಲಿಕ್ಕಿಲ್ಲ.

ಮೊದಲು ಶಾಸ್ತ್ರ. ಗಾಜಿನ ಹಲಗೆಗೆ ಸಿಲಿಕಾ ಬಳಿದು, ಸಿಲ್ವರ್ ನೈಟ್ರೇಟ್ ಕುಡಿಸಿ, ಕತ್ತಲಲ್ಲಿಡಬೇಕು. ಬೆಳಕು ತಾಗಿದರೆ ಹಲಗೆಯೂ ಕಪ್ಪು, ಮುಟ್ಟಿದವನ ಬೆರಳೂ ಕಪ್ಪು. ಎಣ್ಣೆಯನ್ನು ಮಿಥೈಲ್ ಎಸ್ಟರ್ ಮಾಡಿ ಬುಡದಲ್ಲಿ ಚುಕ್ಕೆಯಿಟ್ಟು ದ್ರಾವಕದಲ್ಲಿ ನಿಲ್ಲಿಸಿದರೆ ಓಟ ಶುರು. ತೆಂಗಿನೆಣ್ಣೆಯ ಕೊಬ್ಬಿನಾಮ್ಲಗಳಲ್ಲಿ ಶೇ. 90ರಷ್ಟು ಪರ್ಯಾಪ್ತ. ದ್ವಿಬಂಧವೇ ಇಲ್ಲದ ಈ ಬ್ರಹ್ಮಚಾರಿಗಳು ಬೆಳ್ಳಿಯತ್ತ ಕಣ್ಣೂ ಹಾಯಿಸದೆ ಮೇಲೆ ಓಡುತ್ತವೆ. ಒಂದು ದ್ವಿಬಂಧದ ಒಲೀಕ್ ಹಿಂದುಳಿಯುತ್ತದೆ, ಎರಡರ ಲಿನೋಲೀಕ್ ಅದಕ್ಕೂ ಹಿಂದೆ. ಮಲ್ಪೆಯ ಬೂತಾಯಿ ಮೀನಿನ ಎಣ್ಣೆಯಲ್ಲಿರುವ ಐದಾರು ದ್ವಿಬಂಧದವಂತೂ ಹೊರಟಲ್ಲೇ ಠಿಕಾಣಿ ಹೂಡುತ್ತವೆ. (ದೇವರ ಜಾತ್ರೆಯ ಮಾತಿನ ನಡುವೆ ಬೂತಾಯಿಯ ಹೆಸರೆತ್ತಿದ್ದನ್ನು ವೈದಿಕರು ಮನ್ನಿಸಬೇಕು, ವಿಜ್ಞಾನಕ್ಕೆ ಮಡಿಯಿಲ್ಲ.)

ಇನ್ನು ಪ್ರಯೋಗ. ಜಾತ್ರೆ ಬೀದಿಯ ನಡುವೆ ಕಾಲುಂಗುರ, ಗೆಜ್ಜೆಗಳ ಬೆಳ್ಳಿಯಂಗಡಿಯೊಂದನ್ನು ಸ್ಥಾಪಿಸಿ, ಜನರ ನೂಕುನುಗ್ಗಲನ್ನೇ ದ್ರಾವಕವೆಂದು ಗ್ರಹಿಸತಕ್ಕದ್ದು. ಒಂಟಿ ಹುಡುಗರು ನೇರ ಚುರುಮುರಿ ಗಾಡಿಗೆ ತಲುಪುವರು. ಮದುಮಕ್ಕಳು ಅಂಗಡಿಯೆದುರು ತಡೆಯುವರು. ಆರು ಜೋಡಿಗಳನ್ನು ಒಂದೇ ಜೀಪಿನಲ್ಲಿ ತುಂಬಿಸಿಕೊಂಡು ಬಂದ ಕೂಡುಕುಟುಂಬ, ಅಂಗಡಿಯವ ಬಾಗಿಲು ಹಾಕುವವರೆಗೂ ಕದಲದು.

ಆಕ್ಷೇಪ: ಎಲ್ಲ ಜೋಡಿಗಳೂ ಒಂದೇ ಸಮ ತಡೆಯುವುದಿಲ್ಲವಲ್ಲ?

ಸಮಾಧಾನ: ಸಿಸ್-ಟ್ರಾನ್ಸ್ ಭೇದವರಿಯದವರ ಮಾತಿದು. ದ್ವಿಬಂಧದ ಎರಡು ತುದಿಯ ಸರಪಳಿಗಳೂ ಒಂದೇ ಮಗ್ಗುಲಲ್ಲಿದ್ದರೆ ಸಿಸ್. ಬೆಳ್ಳಿಯ ಹಿಡಿತ ಬಿಗಿ. ಎದುರುಬದುರಾದರೆ ಟ್ರಾನ್ಸ್, ಹಿಡಿತ ಸಡಿಲ, ಓಟ ಚುರುಕು. ಆಗಸ್ಟ್ ಮಳೆಯಲ್ಲಿ ಒಂದೇ ಕೊಡೆಯಡಿ ಬರುವ ದಂಪತಿ ಸಿಸ್. ಬೆಳಿಗ್ಗೆ ಸೀರೆಯ ವಿಷಯಕ್ಕೆ ಮಾತು ಬಿಟ್ಟು, ಬೀದಿಯ ಆಚೆಗೊಬ್ಬರು ಈಚೆಗೊಬ್ಬರು ನಡೆಯುವವರು ಟ್ರಾನ್ಸ್. ಇವರು ದಾಟಿಹೋದದ್ದು ಅಂಗಡಿಯವನಿಗೂ ತಿಳಿಯದು. ಇಬ್ಬರೂ ಬೇರೆಬೇರೆಯೇ ಎಂಬುದಕ್ಕೆ ದ್ವೈತದ ತವರಾದ ಉಡುಪಿ ಸೀಮೆಯಲ್ಲಿ ಬೇರೆ ಪ್ರಮಾಣ ಬೇಕೆ?

ಮುಂದಿನ ಸಿಂಹ ಸಂಕ್ರಮಣದಂದು ಪ್ರಯೋಗಕ್ಕೊಳಪಡಲಿಚ್ಛಿಸುವ ದಂಪತಿಗಳು ಒಂದೇ ಕೊಡೆಯೊಂದಿಗೆ ಹಾಜರಾಗಬೇಕಾಗಿ ವಿನಂತಿ. ಪ್ರಯಾಣಭತ್ಯೆ ಇಲ್ಲ, ಕಾಲುಂಗುರದ ಖರ್ಚು ಅವರವರದೇ.