ಪಾಲ್ಗೊಂಡವರಿಗೆ ಹೈ-ಟೀ ಇದೆ

ಎಂಬಿಎ, ಎಂಟೆಕ್ ಎಲ್ಲ ಹಳತಾಯಿತು. ಬೆಂಗಳೂರಿನ ಬುದ್ಧಿವಂತ ಮಕ್ಕಳ ಕಣ್ಣು ಈಗ ‘ಪಾಲಿಸಿ ಅಡ್ವೊಕೆಸಿ’ ಮೇಲೆ. ಯುವಜನರನ್ನು ಆಡಳಿತದ ಹತ್ತಿರಕ್ಕೆ ಕರೆತರುವುದು ಇವರ ಉದ್ಯೋಗ. ಆಡಳಿತ ಬಾಗಿಲು ತೆಗೆಯಬೇಕಲ್ಲ ಎಂದು ಕೇಳಬೇಡಿ. ಅದು ಬೇರೆ ಡಿಪಾರ್ಟ್‌ಮೆಂಟು.

ಕೆಲಸ ನಡೆಯುವುದು ಹೋಟೆಲಿನ ಎಸಿ ಹಾಲ್‌ನಲ್ಲಿ. ದುಂಡು ಮೇಜು, ಕೊರಳಿಗೆ ಟ್ಯಾಗು, ಬಣ್ಣಬಣ್ಣದ ಅಂಟುಚೀಟಿ. ರಸ್ತೆಗುಂಡಿಗೆ ಹಳದಿ, ಕಸಕ್ಕೆ ಹಸಿರು, ನೀರಿಗೆ ನೀಲಿ, ‘ನನ್ನ ಕನಸಿನ ವಾರ್ಡ್’ಗೆ ಗುಲಾಬಿ. ಗೋಡೆ ತುಂಬಿದರೆ ವಾರ್ಡು ಉದ್ಧಾರವಾದಂತೆ. ಮೂಲೆಯ ಮೇಜಿನ ಹುಡುಗಿಯೊಬ್ಬಳು ಎದ್ದು, “ಮೇಡಂ, ನಮ್ಮ ಕಾರ್ಪೊರೇಟರ್ ಯಾರು?” ಅಂತಾಳೆ. ಮೇಡಂ ನಗುತ್ತಾರೆ: “ಒಳ್ಳೇ ಪ್ರಶ್ನೆ ಪುಟ್ಟಾ, ಪಾರ್ಕಿಂಗ್ ಲಾಟ್‌ಗೆ ಹಾಕೋಣ.” ಪಾರ್ಕಿಂಗ್ ಲಾಟ್ ಅಂದರೆ ಉತ್ತರ ಗೊತ್ತಿಲ್ಲದ ಪ್ರಶ್ನೆಗಳನ್ನು ಅಂಟಿಸುವ ಹಾಳೆ. ಈ ಊರಲ್ಲಿ ಜಗಳವಿಲ್ಲದೆ ಪಾರ್ಕಿಂಗ್ ಸಿಗುವುದು ಅಲ್ಲೊಂದೇ.

ಪಾಪ, ಮೇಡಂ ಆದರೂ ಏನು ಹೇಳಿಯಾರು? ಬಿಬಿಎಂಪಿಯ 198 ಸದಸ್ಯರ ಅವಧಿ ಮುಗಿದದ್ದು 2020ರ ಸೆಪ್ಟೆಂಬರ್‌ನಲ್ಲಿ. 2025ರಲ್ಲಿ ಪಾಲಿಕೆಯನ್ನೇ ಐದು ಹೋಳು ಮಾಡುವವರೆಗೂ ಮತಪೆಟ್ಟಿಗೆಯ ಸುದ್ದಿಯಿಲ್ಲ. ಕಾಲೇಜುಗಳ ಕಥೆ ಇನ್ನೂ ಚೆಂದ. ಮತದಾನದ ವಯಸ್ಸನ್ನು 18ಕ್ಕೆ ಇಳಿಸಿದ ತಿದ್ದುಪಡಿ ಜಾರಿಗೆ ಬಂದದ್ದು 1989ರಲ್ಲಿ. ಹೆಚ್ಚುಕಡಿಮೆ ಅದೇ ಹೊತ್ತಿಗೆ ನಮ್ಮ ರಾಜ್ಯದಲ್ಲಿ ವಿದ್ಯಾರ್ಥಿ ಸಂಘದ ಚುನಾವಣೆಗೆ ಬೀಗ ಬಿತ್ತು. ದೇಶದ ಪ್ರಧಾನಿಯನ್ನು ಆರಿಸುವ ಬುದ್ಧಿ ಬಂದಿದೆ, ಕಾಲೇಜಿನ ಕಾರ್ಯದರ್ಶಿಯನ್ನು ಆರಿಸುವಷ್ಟು ಬಂದಿಲ್ಲ!

ದನಿ ಎತ್ತಲೇಬೇಕೆನಿಸಿದರೆ ಫ್ರೀಡಂ ಪಾರ್ಕ್ ಇದೆ. 2021ರ ಆದೇಶದ ಪ್ರಕಾರ ಬೆಂಗಳೂರಿನಲ್ಲಿ ಪ್ರತಿಭಟನೆಗೆ ಜಾಗ ಅದೊಂದೇ. ಹಿಂದೆ ಅದು ಸೆಂಟ್ರಲ್ ಜೈಲಾಗಿತ್ತು. ಮುಂದಾಲೋಚನೆ ಅಂದರೆ ಇದು.

ಉಳಿದದ್ದು ‘ಪಾಲಿಸಿ ಬ್ರೀಫ್’. ಆರು ತಿಂಗಳು ಬೆವರು ಸುರಿಸಿ, ಗ್ಲಾಸಿ ಕಾಗದದಲ್ಲಿ ಅಚ್ಚು ಹಾಕಿಸಿ, ಕಚೇರಿಗೆ ಒಯ್ದರೆ ಗುಮಾಸ್ತರು ತಲೆ ಎತ್ತದೆ, “ಟಪಾಲಲ್ಲಿ ಕೊಟ್ಟು ಸೀಲ್ ಹಾಕಿಸ್ಕೊಳ್ಳಿ” ಅಂತಾರೆ. ಸೀಲಿನ ಫೋಟೊ ಸಂಜೆಯೊಳಗೆ ವಾರ್ಷಿಕ ವರದಿಗೆ ಏರುತ್ತದೆ, ‘ಸರ್ಕಾರದೊಂದಿಗೆ ಸಮಾಲೋಚನೆ’ ಎಂಬ ತಲೆಬರಹದಡಿ. ದಾನಿಗಳಿಗೆ ಸಂತೋಷ. ಸರ್ಕಾರಕ್ಕೆ ಅದಕ್ಕಿಂತ ಸಂತೋಷ: ಚೀಟಿ ಅಂಟಿಸುವ ಯುವಕರಿಂದ ಯಾವ ಸರ್ಕಾರವೂ ಬಿದ್ದಿಲ್ಲ. ಹುಡುಗರನ್ನು ನಾನು ಬೈಯುತ್ತಿಲ್ಲ. ಅವರ ಹುರುಪು ಅಪ್ಪಟ. ಅದನ್ನು ಹಾಲ್ ಒಳಗೇ ಸುಸ್ತುಮಾಡಿ ಮನೆಗೆ ಕಳಿಸುವ ಏರ್ಪಾಟು ಮಾತ್ರ ದೊಡ್ಡವರದು.

ಸಂವಿಧಾನದ ಪ್ರಕಾರ 21 ತುಂಬಿದವರು ಪಾಲಿಕೆ ಚುನಾವಣೆಗೆ ನಿಲ್ಲಬಹುದು. 2020ರಲ್ಲಿ 21 ತುಂಬಿದವರಿಗೆ 2025ಕ್ಕೆ 26. ಅಷ್ಟರಲ್ಲಿ ಅವರು ಲಿಂಕ್ಡ್‌ಇನ್‌ನಲ್ಲಿ ಯೂತ್ ಲೀಡರ್ ಆಗಿ, ಚೇಂಜ್‌ಮೇಕರ್ ಆಗಿ, ಸೀನಿಯರ್ ಕನ್ಸಲ್ಟೆಂಟ್‌ವರೆಗೂ ಬೆಳೆದರು. ಪಾಲಿಕೆಗೆ ನಾಮಪತ್ರ ಸಲ್ಲಿಸುವ ಅವಕಾಶ ಮಾತ್ರ ಆ ಐದು ವರ್ಷದಲ್ಲಿ ಒಮ್ಮೆಯೂ ಬರಲಿಲ್ಲ.