ಪದ್ಮಿನಿಯ ದಿನಗೂಲಿ

ವಿಜಯವಾಡದ ಒನ್ ಟೌನಿನಲ್ಲಿ ಕಾರು ಇಟ್ಟುಕೊಂಡವರನ್ನು ಜನ ಸಾಹುಕಾರರೆಂದಲ್ಲ, ಸಾಹಸಿಗಳೆಂದು ನೋಡುತ್ತಾರೆ. ಒಂದು ಕಡೆ ಇಂದ್ರಕೀಲಾದ್ರಿ ಬೆಟ್ಟ, ಒಂದು ಕಡೆ ಕೃಷ್ಣೆ, ಇನ್ನೊಂದು ಕಡೆ ರೈಲು ಹಳಿ. ನಡುವೆ ಉಳಿದದ್ದೆಲ್ಲ ಸಂದಿ. ಆ ಸಂದಿಗಳಲ್ಲಿ ಬಟ್ಟೆ ಮೂಟೆಯ ತಳ್ಳುಗಾಡಿಗೆ ಮೊದಲ ಹಕ್ಕು, ಆಟೋಗೆ ಎರಡನೆಯದು, ದನಕ್ಕೆ ಯಾವಾಗಲೂ ಹಕ್ಕು. ಇಂಥ ಜಾಗದಲ್ಲಿ ನಮ್ಮ ಮಾವನವರು 1974ರ ಪ್ರೀಮಿಯರ್ ಪದ್ಮಿನಿಯನ್ನು ದಿನಾ ಓಡಿಸುತ್ತಾರೆ. ಕುಂದಾಪುರದ ಕಡೆಯಿಂದ ಬಂದು ಇಲ್ಲಿ ಹೋಟೆಲ್ ಇಟ್ಟವರು. ಕಾಳೇಶ್ವರರಾವ್ ಮಾರ್ಕೆಟ್ಟಿನಿಂದ ತರಕಾರಿ ತರಲೆಂದು ಕೊಂಡ ಕಾರು ಅದು. ಹೋಟೆಲು ಮಗನ ಕೈಗೆ ಹೋಗಿದೆ. ಸ್ಟೀರಿಂಗ್ ಮಾತ್ರ ಯಾರ ಕೈಗೂ ಹೋಗಿಲ್ಲ.

ಈ ಕಾರಿನ ಅಗಲ ಒಂದೂವರೆ ಮೀಟರಿಗೂ ಕಡಿಮೆ. ಮಗನ ಹೊಸ ಎಸ್‌ಯುವಿ ಸಂದಿಯ ಬಾಯಲ್ಲೇ ನಿಂತು ಹಾರ್ನ್ ಹೊಡೆಯುತ್ತಿರುವಾಗ ಪದ್ಮಿನಿ ಒಳಗೆ ಹೋಗಿ, ಸಾಮಾನು ಇಳಿಸಿ, ವಾಪಸು ಬರುವ ಯೋಚನೆಯಲ್ಲಿರುತ್ತದೆ.

ಹಳೆಯ ಕಾರೆಂದರೆ ಎಲ್ಲರೂ ಮೊದಲು ಹೇಳುವುದು ಬಣ್ಣ ಹೊಡೆಸಿ ಅಂತ. ಮಾವನವರದು ಬೇರೆ ಲೆಕ್ಕ. ಕಣ್ಣಿಗೆ ಕಾಣದ್ದು ಮೊದಲು, ಕಾಣುವುದು ಕೊನೆಗೆ. ಬಾನೆಟ್ಟಿನ ಮೂಲೆಯಲ್ಲಿ ಬಣ್ಣ ಎದ್ದಿದೆ; ಅದರ ಸರದಿ ಇನ್ನೂ ಬಂದಿಲ್ಲ, ಬರುವ ಲಕ್ಷಣವೂ ಇಲ್ಲ. ಬ್ರೇಕಿನ ರಬ್ಬರ್ ಕಿಟ್ ಮಾತ್ರ ಸರದಿ ತಪ್ಪಿಸಿದ್ದಿಲ್ಲ. 'ಹೊರಡದಿದ್ರೆ ಮನೆಯಲ್ಲೇ ಇರ್ತೇವೆ, ನಿಲ್ಲದಿದ್ರೆ ಎಲ್ಲಿಗೆ ಹೋಗ್ತೇವೋ ಗೊತ್ತಿಲ್ಲ' ಎನ್ನುವುದು ಅವರ ವೇದಾಂತ.

ಈ ಊರಿನ ಬೇಸಗೆಯಲ್ಲಿ ಪದ್ಮಿನಿಗೆ ಬರುತ್ತಿದ್ದ ದೊಡ್ಡ ಕಾಯಿಲೆ ಪೆಟ್ರೋಲಿನದು. ಇದರ ಪೆಟ್ರೋಲ್ ಪಂಪು ಎಂಜಿನ್ನಿಗೇ ಅಂಟಿಕೊಂಡಿರುತ್ತದೆ. ಟ್ರಾಫಿಕ್ಕಿನಲ್ಲಿ ನಿಂತಾಗ ಕಾವಿಗೆ ಪೆಟ್ರೋಲು ಪೈಪಿನೊಳಗೇ ಆವಿಯಾಗುತ್ತದೆ. ಪಂಪು ದ್ರವವನ್ನು ಎತ್ತೀತೇ ಹೊರತು ಆವಿಯನ್ನಲ್ಲ. ಗಾಡಿ ಕೆಮ್ಮಿ ನಿಲ್ಲುತ್ತದೆ. ಹಿಂದಿನ ಡ್ರೈವರುಗಳು ಒದ್ದೆ ಬಟ್ಟೆಯನ್ನು ಪಂಪಿಗೆ ಸುತ್ತಿ, ಬೀಡಿ ಹಚ್ಚಿ ಕಾಯುತ್ತಿದ್ದರು. ಮಾವನವರಿಗೆ ಬೀಡಿಯ ಅಭ್ಯಾಸವಿಲ್ಲದ ಕಾರಣ ಬೇರೆ ಉಪಾಯ ಬೇಕಾಯಿತು. ಟ್ಯಾಂಕಿನ ಹತ್ತಿರ, ಎಂಜಿನ್ನಿನ ಕಾವು ತಾಗದ ಕಡೆ, ಚಿಕ್ಕ ಎಲೆಕ್ಟ್ರಿಕ್ ಪಂಪ್ ಕೂರಿಸಿದರು. ಈಗ ಬಂಕಿನಲ್ಲಿ ಸಿಗುವುದು 20 ಪರ್ಸೆಂಟ್ ಎಥನಾಲ್ ಬೆರೆಸಿದ ಪೆಟ್ರೋಲು. ಹಳೇ ರಬ್ಬರಿಗೆ ಅದು ಆಗಿಬರುವುದಿಲ್ಲ. ಹಾಗಾಗಿ ಪೈಪುಗಳೂ ಬದಲಾದವು. ರೇಡಿಯೇಟರಿಗೆ ಹೊಸ ಕೋರ್ ಬಂತು. ನಿಂತಲ್ಲಿ ಚಾರ್ಜ್ ಮಾಡಲು ಸೋಮಾರಿತನ ತೋರುತ್ತಿದ್ದ ಡೈನಮೊ ಹೋಗಿ ಆಲ್ಟರ್ನೇಟರ್ ಬಂತು.

ಇದೆಲ್ಲ ಒಂದೇ ದಿನ ಆದದ್ದಲ್ಲ. ಊರಿನ ಇನ್ನೊಂದು ತುದಿಯ ಆಟೋನಗರದಲ್ಲಿ ಒಬ್ಬ ಹಿರಿಯ ಮೆಕ್ಯಾನಿಕ್ ಇದ್ದಾರೆ, ಎಲ್ಲರಿಗೂ ಬಾಬಾಯ್. ಅವರದು ಒಂದೇ ಪಥ್ಯ: ಒಂದು ಸಲಕ್ಕೆ ಒಂದೇ ಬದಲಾವಣೆ, ಆಮೇಲೆ ಒಂದಷ್ಟು ದಿನ ಓಡಿಸಬೇಕು. ಎಲ್ಲವನ್ನೂ ಒಟ್ಟಿಗೆ ಬಿಚ್ಚಿದರೆ ಹೊಸ ಸದ್ದು ಯಾವುದರದ್ದೆಂದು ದೇವರಿಗೂ ತಿಳಿಯುವುದಿಲ್ಲವಂತೆ. ಗಾಡಿ ಒಪ್ಪಿಸುವಾಗ ಬಿಲ್ಲಿನ ಜೊತೆ 'ನಡಪಂಡಿ ಸಾರ್, ನಡಪಂಡಿ' ಎಂಬ ಆಶೀರ್ವಾದ. ಓಡಿಸುತ್ತಿರಿ ಅಷ್ಟೇ.

ಇದರಲ್ಲೇ ಗುಟ್ಟು ಇರುವುದು. ಕಾರು ಗಟ್ಟಿಯಾದ ಮೇಲೆ ದಿನಾ ಓಡಿಸೋಣ ಎಂದು ಕಾದವರ ಕಾರು ಶೆಡ್ಡಿನಲ್ಲೇ ಮುದಿಯಾಗುತ್ತದೆ. ನಿಂತ ಕಾರಿನ ಕಾರ್ಬ್ಯುರೇಟರಿನಲ್ಲಿ ಪೆಟ್ರೋಲು ಅಂಟಾಗುತ್ತದೆ, ಸೀಲು ಒಣಗುತ್ತದೆ, ಬ್ರೇಕ್ ಸಿಲಿಂಡರ್ ತುಕ್ಕು ಹಿಡಿಯುತ್ತದೆ, ಬ್ಯಾಟರಿ ಮಲಗುತ್ತದೆ. ಇಲಿಗಳಿಗೆ ವೈರು ಸಿಗುತ್ತದೆ. ಮುಂಬಯಿಯಲ್ಲಿ ಇದೇ ಪದ್ಮಿನಿಗಳು ಟ್ಯಾಕ್ಸಿಯಾಗಿ ಹಗಲಿರುಳು ದುಡಿದವು. 2023ರ ಅಕ್ಟೋಬರಿನಲ್ಲಿ ಕೊನೆಯದು ರಸ್ತೆ ಬಿಟ್ಟಾಗಲೂ ಕಾರಣ ಎಂಜಿನ್ ಅಲ್ಲ, ಟ್ಯಾಕ್ಸಿಗೆ 20 ವರ್ಷ ಎಂಬ ಮಿತಿ. ಹವಾನಾದಲ್ಲಂತೂ 1950ರ ದಶಕದ ಅಮೆರಿಕನ್ ಕಾರುಗಳು ಇವತ್ತಿಗೂ ಬಾಡಿಗೆಗೆ ಓಡುತ್ತವೆ. ಹೊರಗೆ ಷೆವ್ರೊಲೆಯ ಠೀವಿ, ಬಾನೆಟ್ ಎತ್ತಿದರೆ ಯಾವುದೋ ದೇಶದ ಡೀಸೆಲ್ ಎಂಜಿನ್. ಹೊಟ್ಟೆಪಾಡಿನ ಮುಂದೆ ವಂಶಾವಳಿ ಯಾರು ಕೇಳುತ್ತಾರೆ?

ನಮ್ಮ ಸರ್ಕಾರ ಕೇಳುತ್ತದೆ. 50 ವರ್ಷ ದಾಟಿದ, ಮೂಲರೂಪದಲ್ಲೇ ಇರುವ ಖಾಸಗಿ ಗಾಡಿಗೆ 'ವಿಂಟೇಜ್' ಪಟ್ಟ ಕೊಡುವ ನಿಯಮ 2021ರಲ್ಲಿ ಬಂತು. ನಂಬರ್ ಪ್ಲೇಟಿನಲ್ಲಿ 'ವಿಎ' ಎಂಬ ಬಿರುದು, 20,000 ರೂಪಾಯಿ ಶುಲ್ಕ. ಪದ್ಮಿನಿಗೆ ವಯಸ್ಸು ಕೂಡಿಬಂದಿದೆ. ಪಂಪು, ಡೈನಮೊಗಳ ಕಥೆಯನ್ನು ಅಧಿಕಾರಿಗಳು ಹೇಗೆ ತೆಗೆದುಕೊಳ್ಳುತ್ತಾರೋ, ಕೇಳಿ ನೋಡೋಣವೆಂದು ನಾನು ಉತ್ಸಾಹದಿಂದ ನಿಯಮವನ್ನು ಓದಿ ಹೇಳತೊಡಗಿದೆ. ಮಾವನವರು ಕಾಫಿ ಆರಿಸಿಕೊಳ್ಳುತ್ತ ಕೇಳುತ್ತಿದ್ದರು. ಪಟ್ಟವಾದ ಮೇಲೆ ಗಾಡಿಯನ್ನು ಪ್ರದರ್ಶನಕ್ಕೆ ಒಯ್ಯಬಹುದು, ರ್‍ಯಾಲಿಗೆ ಒಯ್ಯಬಹುದು, ರಿಪೇರಿಗೆ, ಪೆಟ್ರೋಲ್ ಹಾಕಿಸಲಿಕ್ಕೆ ಒಯ್ಯಬಹುದು. ದಿನನಿತ್ಯದ ಓಡಾಟಕ್ಕೆ ಮಾತ್ರ ಕೂಡದು. ಅಂದರೆ ಪೆಟ್ರೋಲು ಹಾಕಿಸಿಕೊಂಡು ಬರಬಹುದು, ಆ ಪೆಟ್ರೋಲಿನಲ್ಲಿ ಮಾರ್ಕೆಟ್ಟಿಗೆ ಹೋಗುವಂತಿಲ್ಲ.

ಮಾವನವರು ಲೋಟ ಕೆಳಗಿಟ್ಟರು. ಪಟ್ಟದ ಗೌರವ, ಬಿರುದಿನ ಘನತೆ ಯಾವುದೂ ಅವರನ್ನು ಮುಟ್ಟಿದಂತೆ ಕಾಣಲಿಲ್ಲ.

'ಹಂಗಾರೆ ನೀರುಳ್ಳಿ ತಪ್ಪುದ್ ಯಾವ್ದ್ರಗೆ ಮಾರಾಯ್ರೆ?' ಎಂದರು.