ಹೊಲಕ್ಕೆ ಕ್ಯಾಮೆರಾ ಕಟ್ಟುವ ಕ್ರಮ

ಮೊದಲು ಹೊಲ ಹಿಡಿಯಿರಿ. ಕಲಘಟಗಿ ಕಡೆಗೋ ಅಳ್ನಾವರ ಕಡೆಗೋ ಎರಡೆಕರೆ ಸಾಕು. ಕಾಡು ಎಷ್ಟು ದೂರ ಎಂದು ಏಜೆಂಟನನ್ನು ಕೇಳಿ. ‘ಇಲ್ಲೇ ರೀ, ಗುಡ್ಡದ ಹಿಂದ’ ಎನ್ನುತ್ತಾನೆ. ನಂಬಿ. ದಾಂಡೇಲಿ ಕಾಡಿಗೆ 2007ರಲ್ಲಿ ಹುಲಿ ಯೋಜನೆಯ ಪಟ್ಟ ಸಿಕ್ಕಿತು, 2015ರಲ್ಲಿ ಕಾಳಿ ಎಂಬ ಹೆಸರು ಬಂತು, ಅಲ್ಲಿ ಕರಿಚಿರತೆಗಳಿವೆ. ಈ ಮೂರನ್ನೂ ಬಾಯಿಪಾಠ ಮಾಡಿಕೊಳ್ಳಿ. ನಿಮ್ಮ ಎರಡೆಕರೆಗೂ ಇವಕ್ಕೂ ಸಂಬಂಧವಿಲ್ಲ, ಆದರೆ ಸಪ್ತಾಪುರದ ಬೀಗರ ಮನೆಯಲ್ಲಿ ಚಹಾ ಕುಡಿಯುವಾಗ ಬೇಕಾಗುತ್ತವೆ.

ಹೊಲಕ್ಕೆ ಏನೇನು ಬರುತ್ತದೆ ಎಂದು ಅಲ್ಲಿನ ಆಳನ್ನು ಮಾತ್ರ ಕೇಳಬೇಡಿ. ಬೆಳಗ್ಗೆ ಹೆಜ್ಜೆ ನೋಡಿಯೇ ಹಂದಿ, ನರಿ, ಮೊಲ, ಸುಗ್ಗಿ ಹೊತ್ತಿಗೆ ಒಮ್ಮೊಮ್ಮೆ ಆನಿ ಎಂದು ಒಂದೇ ಉಸಿರಿಗೆ ಹೇಳಿಬಿಡುತ್ತಾನೆ. ಆಮೇಲೆ ಕ್ಯಾಮೆರಾ ಕೊಳ್ಳಲು ಕಾರಣವೇ ಉಳಿಯುವುದಿಲ್ಲ.

ಈಗ ಆಯ್ಕೆ. ಡಬ್ಬಿಯ ಮೇಲೆ ಮೆಗಾಪಿಕ್ಸೆಲ್ ಅಂಕಿ ಯಾವುದು ದೊಡ್ಡದೋ ಅದನ್ನೇ ತರಿಸಿ. ಅಗ್ಗದ ಕ್ಯಾಮೆರಾಗಳಲ್ಲಿ ಒಳಗಿನ ಸೆನ್ಸರ್ ಚಿಕ್ಕದೇ. ಪಂಗ್ತಿ ಬೆಳೆದಾಗ ಸಾರಿಗೆ ನೀರು ಬೆರೆಸುವಂತೆ, ಉಳಿದ ಮೆಗಾಪಿಕ್ಸೆಲ್ಲನ್ನು ಸಾಫ್ಟ್‌ವೇರ್ ಹಿಗ್ಗಿಸಿ ತುಂಬಿಸುತ್ತದೆ. ಚಿಂತೆ ಬೇಡ, ಬೀಗರು ಡಬ್ಬಿಯನ್ನಷ್ಟೇ ಓದುತ್ತಾರೆ.

ಪ್ರಾಣಿ ಎದುರು ಬಂದ ಮೇಲೆ ಚಿತ್ರ ತೆಗೆಯಲು ಎಷ್ಟು ಹೊತ್ತು ಬೇಕು ಎಂದು ವಿಚಾರಿಸಬೇಡಿ. ಒಳ್ಳೆಯ ಕ್ಯಾಮೆರಾ ಅರ್ಧ ಸೆಕೆಂಡಿನೊಳಗೆ ತೆಗೆದು ಮುಗಿಸುತ್ತದೆ. ಹಾಗಾದರೆ ಮುಖವೇ ಸಿಕ್ಕಿಬಿಡುತ್ತದೆ, ಇದು ನಾಯಿ ಎಂದು ಸಣ್ಣ ಹುಡುಗರೂ ಗುರುತು ಹಿಡಿಯುತ್ತಾರೆ. ನಿಧಾನದ್ದನ್ನು ತನ್ನಿ. ಅದರಲ್ಲಿ ಬಾಲ ಸಿಗುತ್ತದೆ. ಬಾಲದ ಮುಂದೆ ನಿಮಗೆ ಬೇಕಾದ ಪ್ರಾಣಿಯನ್ನು ಜೋಡಿಸಿಕೊಳ್ಳಬಹುದು.

ರಾತ್ರಿಯ ದೀಪ 850 ನ್ಯಾನೋಮೀಟರಿನದೇ ಇರಲಿ. ಉರಿದಾಗ ಮಂದವಾಗಿ ಕೆಂಪಗೆ ಕಾಣುತ್ತದೆ. 940ರದ್ದು ಮನುಷ್ಯರ ಕಣ್ಣಿಗೆ ಬೀಳುವುದೇ ಇಲ್ಲ, ಕಳ್ಳ ಪಾಪ ಕತ್ತಲಲ್ಲಿ ತಡಕಾಡಬೇಕಾಗುತ್ತದೆ. ಸಿಮ್ ಹಾಕಿ ಚಿತ್ರವನ್ನು ಮೊಬೈಲಿಗೇ ಕಳಿಸುವ ಕ್ಯಾಮೆರಾ ಸಿಕ್ಕರೆ ಬಿಡಲೇಬೇಡಿ. ಆ ಹೊಲದಲ್ಲಿ ಫೋನ್ ಹಚ್ಚಲು ನೀವು ಬಣವಿ ಹತ್ತುತ್ತೀರಿ, ನಿಜ. ಕ್ಯಾಮೆರಾ ಹೇಗೋ ಹಚ್ಚಿಕೊಳ್ಳುತ್ತದೆ.

ಕಟ್ಟುವ ಕೆಲಸಕ್ಕೆ ಬನ್ನಿ. ಇಲ್ಲಿ ಅವಸರ ಮಾಡಬೇಡಿ, ಹಣ ನೀರುಪಾಲಾಗುವುದು ಅಂಗಡಿಯಲ್ಲಲ್ಲ, ಇಲ್ಲಿಯೇ. ಹುಲಿ ಎಣಿಸುವವರು ಕ್ಯಾಮೆರಾವನ್ನು ಸುಮಾರು ಮೊಣಕಾಲೆತ್ತರಕ್ಕೆ ಕಟ್ಟುತ್ತಾರೆ. ದಾರಿಯ ಎರಡೂ ಬದಿಗೆ ಒಂದೊಂದು, ಏಕೆಂದರೆ ಹುಲಿಯ ಎಡಮೈಯ ಪಟ್ಟೆ ಬಲಮೈಗೆ ಹೋಲುವುದಿಲ್ಲ. ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು 1990ರ ದಶಕದಲ್ಲಿ ನಾಗರಹೊಳೆಯಲ್ಲಿ ಪಟ್ಟೆ ನೋಡಿ ಒಂದೊಂದು ಹುಲಿಯನ್ನೂ ಗುರುತಿಸಿ ಲೆಕ್ಕ ಹಾಕುವ ಕ್ರಮವನ್ನು ರೂಢಿಸಿದರು. 2018ರ ದೇಶವ್ಯಾಪಿ ಗಣತಿಯಲ್ಲಿ 26,838 ಕಡೆ ಕ್ಯಾಮೆರಾ ಇಟ್ಟು ಮೂರು ಕೋಟಿ ನಲವತ್ತೆಂಟು ಲಕ್ಷಕ್ಕೂ ಹೆಚ್ಚು ಚಿತ್ರ ತೆಗೆದರು. ಅದು ಗಿನ್ನೆಸ್ ದಾಖಲೆಗೂ ಸೇರಿತು. ಅಷ್ಟರಲ್ಲಿ ಹುಲಿಯವು 76,651. ಅಂದರೆ ಕಾಡಿನ ಒಳಗೇ, ಬಲ್ಲವರೇ ಇಟ್ಟರೂ, ನಾನೂರೈವತ್ತು ಚಿತ್ರಕ್ಕೆ ಒಂದು ಹುಲಿ. ನೀವು ಮಾತ್ರ ಮೊದಲ ರಾತ್ರಿಯೇ ನಿರೀಕ್ಷಿಸಿ. ಬೆಳಗ್ಗೆ ಕಾರ್ಡಿನಲ್ಲಿ ಏನೂ ಇಲ್ಲದಿದ್ದರೆ ಕ್ಯಾಮೆರಾವನ್ನು ಬಯ್ಯಿರಿ.

ನಿಮ್ಮ ಎದೆಯೆತ್ತರಕ್ಕೆ ಕಟ್ಟಿ. ಬಗ್ಗುವ ಕಷ್ಟವಿಲ್ಲ, ಸೊಂಟಕ್ಕೆ ಒಳ್ಳೆಯದು. ಹಂದಿ ಅದರ ಕೆಳಗೆ ತನ್ನ ಪಾಡಿಗೆ ತಾನು ಹಾದುಹೋಗಲಿ. ಮುಖವನ್ನು ಪಡುವಣಕ್ಕೆ ತಿರುಗಿಸಿ. ಪ್ರಾಣಿಗಳು ಹೊರಬೀಳುವ ಸಂಜೆಯ ಹೊತ್ತಿಗೆ ಸೂರ್ಯ ನೇರ ಲೆನ್ಸಿನೊಳಗೇ ಇಳಿಯುತ್ತಾನೆ, ಚಿತ್ರ ದೇವರ ಫೋಟೋದಂತೆ ಬೆಳಗುತ್ತದೆ.

ಎದುರಿನ ಹುಲ್ಲನ್ನು ಕೊಯ್ಯಬೇಡಿ. ಗೊಂಜಾಳದ ಗರಿಯೊಂದು ಲೆನ್ಸಿನ ಮುಂದೆ ತೂಗುತ್ತಿದ್ದರೆ ಇನ್ನೂ ಒಳ್ಳೆಯದು. ಒಳಗಿನ ಸೆನ್ಸರಿಗೆ ಪ್ರಾಣಿ ಎಂದರೇನು ಗೊತ್ತಿಲ್ಲ. ಹಿನ್ನೆಲೆಗಿಂತ ಬಿಸಿ ಬೇರೆಯಾದದ್ದೇನೋ ಸರಿದಾಡಿತು ಎಂಬುದಷ್ಟೇ ಅದಕ್ಕೆ ತಿಳಿಯುತ್ತದೆ. ಬಿಸಿಲಿಗೆ ಕಾದ ಹುಲ್ಲು ಗಾಳಿಗೆ ಅಲ್ಲಾಡಿದರೆ ಚಿತ್ರ ತೆಗೆಯುತ್ತದೆ. ಏಪ್ರಿಲ್ ಮಧ್ಯಾಹ್ನ ನಮ್ಮ ಕಡೆ ಗಾಳಿಯೇ ಎಮ್ಮಿಯ ಮೈಯಷ್ಟು ಕಾದಿರುತ್ತದೆ. ಆಗ ಎಮ್ಮಿಯೇ ಎದುರಿಗೆ ನಿಂತರೂ ಸುಮ್ಮನಿರಬಹುದು. ಸೂಕ್ಷ್ಮತೆಯನ್ನು ಅತಿ ಹೆಚ್ಚಿಗೆ ಇಡಿ. ಸಾವಿರಗಟ್ಟಲೆ ಹುಲ್ಲಿನ ಚಿತ್ರ ಬರುತ್ತವೆ, ರವಿವಾರ ಪೂರ್ತಿ ಕೂತು ಒಂದೊಂದನ್ನೇ ನೋಡಿ. ಮನೆಯವರು ಏನಾದರೂ ಅಂದರೆ ಸಂಶೋಧನೆ ನಡೆದಿದೆ ಎನ್ನಿ.

ಸೆಲ್ಲುಗಳನ್ನು ಗೋಡೆ ಗಡಿಯಾರದಿಂದ ಒಂದು, ಟಿವಿ ರಿಮೋಟಿನಿಂದ ಎರಡು ತೆಗೆದು, ಉಳಿದವಕ್ಕೆ ಹೊಸದು ಹಾಕಿ ಹೊಂದಿಸಿ. ಹಳೆಯದೂ ಹೊಸದೂ ಕೂಡಿದರೆ ಹೊಸದೂ ಬೇಗ ಸತ್ತು ಸಮಾನತೆ ಬರುತ್ತದೆ. ತಾರೀಖು, ಗಂಟೆ ಹೊಂದಿಸುವ ಗೋಜಿಗೆ ಹೋಗಬೇಡಿ. ಹಂದಿಗೆ ಕ್ಯಾಲೆಂಡರ್ ಏಕೆ?

ಬೀಗ ಹಾಕಬೇಡಿ. ಹಳ್ಳಿ ಮಂದಿಯ ಮೇಲೆ ಅನುಮಾನಪಟ್ಟಂತೆ ಕಂಡೀತು. ಕಳೆದ ಮೇಲೆ ಅನುಮಾನಪಡಿ.

ದಿನಾ ಸಂಜೆ ಕಾರು ತೆಗೆದುಕೊಂಡು ಹೋಗಿ ಪರೀಕ್ಷಿಸಿ. ಸೆಂಟು ಹಾಕಿಕೊಂಡೇ ಹೋಗಿ. ಗಿಡದ ಬುಡಕ್ಕೆ ಒರಗಿ ಮಿರ್ಚಿ ಗಿರ್ಮಿಟ್ಟು ತಿನ್ನಿ, ಕಾಗದ ಅಲ್ಲೇ ಬಿಡಿ. ಇಷ್ಟಾದ ಮೇಲೆ ಆ ಹಾದಿ ತುಳಿಯುವ ಪ್ರಾಣಿ ನಿಮ್ಮ ಕ್ಯಾಮೆರಾಕ್ಕೆ ಯೋಗ್ಯವಾದದ್ದಲ್ಲ.

ಆದರೂ ಚಿರತೆಯೇ ಬೇಕು ಎಂಬ ಹಟವಿದ್ದರೆ ಕೋಳಿ ಅಂಗಡಿಯ ಕರುಳು, ಪುಚ್ಚ ತಂದು ಕ್ಯಾಮೆರಾದ ಮುಂದೆ ಸುರಿಯಿರಿ. ಮೊದಲು ಊರ ನಾಯಿಗಳು ಬರುತ್ತವೆ. ಕಾಡಂಚಿನ ಊರುಗಳಲ್ಲಿ ಚಿರತೆ ಹುಡುಕಿಕೊಂಡು ಬರುವುದು ನಾಯಿಗಳನ್ನೇ. ಒಮ್ಮೆ ರುಚಿ ಹತ್ತಿದರೆ ನಿಮ್ಮ ಹೊಲವನ್ನು ದಾಟಿ ಊರ ಹಿತ್ತಲಿಗೂ ಹೋಗುತ್ತದೆ. ಅಷ್ಟರಲ್ಲಿ ನೀವು ಚಿತ್ರ ತೆಗೆದುಕೊಂಡು ವಿದ್ಯಾನಗರದ ಮನೆ ಸೇರಿರುತ್ತೀರಿ.

ಇನ್ನೊಂದು ಜಾಗವಿದೆ: ಹಳ್ಳದ ಕಡೆಯ ಕಾಲುದಾರಿ. ನಸುಕಿನಲ್ಲಿ ಊರ ಹೆಣ್ಣುಮಕ್ಕಳು ಅಲ್ಲಿ ಓಡಾಡುತ್ತಾರೆ ಎಂದು ಆಳು ಎಚ್ಚರಿಸಿದರೆ, ಇದು ವೈಜ್ಞಾನಿಕ ಕೆಲಸ ಎಂದು ಗದರಿಸಿ. ಯಾರಿಗೂ ಹೇಳದೆ ಕಟ್ಟಿ. ಮೂರನೆಯ ದಿನ ಪಂಚಾಯ್ತಿ ಕಟ್ಟೆಗೆ ಕರೆ ಬರುತ್ತದೆ. ಹೋಗುವಾಗ ಲೈನ್ ಬಜಾರದಿಂದ ಒಂದು ಕಿಲೋ ಪೇಡೆ ಒಯ್ಯಿರಿ. ಯಾರೂ ಮುಟ್ಟುವುದಿಲ್ಲ, ವಾಪಸು ಮನೆಗೆ ಆದೀತು.

ಚಿತ್ರ ಬಂದವು ಎಂದಿಟ್ಟುಕೊಳ್ಳಿ. ಕಾಡುಬೆಕ್ಕೋ ಸಾಕುಬೆಕ್ಕೋ ಒಂದು ಇದ್ದೇ ಇರುತ್ತದೆ. ಅಳತೆ ತಿಳಿಸುವ ಕಲ್ಲು, ಕೊಡ, ಬೇಲಿಗೂಟ ಏನೂ ಇಲ್ಲದ ಚಿತ್ರವನ್ನು ಆರಿಸಿ, ಸುತ್ತಲೂ ಕತ್ತರಿಸಿ, ಸ್ವಲ್ಪ ಮಸುಕು ಮಾಡಿ. 2021ರ ಸೆಪ್ಟೆಂಬರ್ ನೆನೆಯಿರಿ. ಹುಬ್ಬಳ್ಳಿಯ ನೃಪತುಂಗ ಬೆಟ್ಟದ ಸುತ್ತ ಚಿರತೆ ಕಾಣಿಸಿಕೊಂಡಿತು, ಅಕ್ಕಪಕ್ಕದ ಶಾಲೆಗಳಿಗೆ ರಜೆ ಕೊಟ್ಟರು, ಅರಣ್ಯ ಇಲಾಖೆ ಬೋನು, ಕ್ಯಾಮೆರಾ ಇಟ್ಟಿತು, ಕಡೆಗೆ ಚಿರತೆಯೊಂದು ಸೆರೆಸಿಕ್ಕಿದ್ದು ಧಾರವಾಡದ ಕವಲಗೇರಿಯಲ್ಲಿ. ಅಂದಿನಿಂದ ಅವಳಿ ನಗರದ ಮಂದಿ ಚಿರತೆ ಎಂದರೆ ಎರಡನೆಯ ಮಾತಾಡದೆ ನಂಬುತ್ತಾರೆ. ಇಂಥ ನಂಬಿಕೆ ಊರಿಗೆ ಪದೇಪದೇ ಬರುವುದಿಲ್ಲ, ಸದ್ಬಳಕೆ ಮಾಡಿಕೊಳ್ಳಿ. ಅರಣ್ಯ ಇಲಾಖೆಗೆ ಫೋನ್ ಮಾಡಬೇಡಿ, ಅವರು ಬಂದು ಬೆಕ್ಕು ಎಂದುಬಿಡುತ್ತಾರೆ. ವಾಟ್ಸಾಪ್ ಗುಂಪಿಗೆ ಹಾಕಿ. ಊರಿನ ಹೆಸರು ಬರೆಯಬೇಡಿ, ‘ನಮ್ಮ ಭಾಗದಲ್ಲಿ’ ಎಂದರೆ ಸಾಕು. ಸಂಜೆಯ ಹೊತ್ತಿಗೆ ಅದು ಮೂರು ತಾಲ್ಲೂಕಿನ ಚಿರತೆಯಾಗಿರುತ್ತದೆ. ಗೊಂಜಾಳ ಮುರಿಯಲು ಹೆಣ್ಣಾಳು ಬರುವುದಿಲ್ಲ ಎಂದು ಬಾಜೂ ಹೊಲದವರು ಗೊಣಗಿದರೆ, ನಾಡಿನ ಜೀವವೈವಿಧ್ಯದ ಬಗ್ಗೆ ನಾಲ್ಕು ಮಾತು ಹೇಳಿ ಕಳಿಸಿ.

ಈ ನಡುವೆ ಹಂದಿ ನಿಮ್ಮ ಬೆಳೆಯನ್ನು ಅರ್ಧ ಮುಗಿಸಿರುತ್ತದೆ. ಕಾಡುಪ್ರಾಣಿ ತಿಂದ ಬೆಳೆಗೆ ಅರಣ್ಯ ಇಲಾಖೆಯಿಂದ ಪರಿಹಾರವುಂಟು. ಅರ್ಜಿ ಬರೆಯಿರಿ. ಹೇಗೋ ಚೌಕಟ್ಟಿನ ಮೂಲೆಯಲ್ಲಿ ಸಿಕ್ಕಿಬಿದ್ದ ಒಂದು ಹಂದಿಯ ಬೆನ್ನಿನ ಚಿತ್ರವನ್ನು ಪುರಾವೆಯಾಗಿ ಲಗತ್ತಿಸಿ. ಕೆಳಗೆ ತಾರೀಖು 2019ರ ಜನವರಿ 1, ರಾತ್ರಿ 12 ಗಂಟೆ ಎಂದಿರುತ್ತದೆ, ಕ್ಯಾಮೆರಾ ಹುಟ್ಟುವಾಗಲೇ ತಂದ ತಾರೀಖು ಅದು. ಹೊಲದ ಉತಾರದಲ್ಲಿ ನಿಮ್ಮ ಹೆಸರು ಕೂತದ್ದು ಅದಾಗಿ ನಾಲ್ಕು ವರ್ಷಕ್ಕೆ. ಎರಡನ್ನೂ ಒಟ್ಟಿಗೇ ಟಾಚಣಿ ಚುಚ್ಚಿ ಕೊಡಿ.

ಮೇಜಿನ ಆಚೆಯವರು ಕನ್ನಡಕ ಏರಿಸಿ, ‘ಸಾಹೇಬ್ರ, ಈ ಹಂದಿ ನಿಮಗಿಂತ ಮೊದಲ ಬಂದೈತಲ್ರೀ’ ಎನ್ನಬಹುದು. ವಾದಕ್ಕೆ ಇಳಿಯಬೇಡಿ. ಅರ್ಜಿ ಮುಟ್ಟಿದ್ದಕ್ಕೆ ಚೀಟಿ ಇಸಿದುಕೊಳ್ಳಿ.